ಸೀಟಿನ ಕೆಳಗಿನ ನಂಬರು

ಸೀಮೆಎಣ್ಣೆ ಬಟ್ಟೆಯಿಂದ ಹಳೆಯ ಸೈಕಲ್ ಫ್ರೇಮಿನ ತುಕ್ಕು ಒರೆಸುತ್ತಿದ್ದ ಆವುಲಪ್ಪನ ಕೈ ಸೀಟಿನ ಕೆಳಗೆ ಕೊರೆದಿದ್ದ ನಂಬರಿನ ಮೇಲೆ ನಿಂತುಬಿಟ್ಟಿತು. 47163. ಅವನ ಅಪ್ಪ ಕೋನಪ್ಪ ಸರ್ಕಾರಕ್ಕೆ ಕೊಟ್ಟ ಪ್ರತಿ ಅರ್ಜಿಯಲ್ಲೂ ಬರೆಸಿ, ಸಾಯುವವರೆಗೂ ಜಪಿಸಿದ ನಂಬರು.

“ಯಾವ ಕಾಲದ್ದು ಹೇಳಪ್ಪ?” ಎಂದ ನರಸಿಂಹಪ್ಪ. ಗೌರಿಬಿದನೂರಿನಲ್ಲಿ ಆವುಲಪ್ಪ ಬಾಡಿಗೆಗೆ ನಡೆಸುತ್ತಿದ್ದ ಆ ಸೈಕಲ್ ಶಾಪಿನ ಜಾಗ ಅವನದೇ. “ನಮ್ಮಪ್ಪಂದು, ಅಟ್ಟದ ಮೇಲಿತ್ತು. ಇಂಗ್ಲೆಂಡ್ ಮಾಲು. ಹೊಸದರ ಹಾಗೆ ಮಾಡಿಕೊಡು.”

“ಮೂವತ್ತನಾಲ್ಕನೇ ಇಸವೀದು.”

“ಅಷ್ಟು ಕರಾರುವಾಕ್ಕಾಗಿ ಹೇಳ್ತೀಯಲ್ಲೋ!”

ಆವುಲಪ್ಪ ಬಟ್ಟೆ ಕೆಳಗಿಟ್ಟ. “ಆ ವರ್ಷ ನಮ್ಮಪ್ಪ ಚಿನ್ನದ ಗಣೀಲಿ ದುಡಿದು ಇದನ್ನ ಹೊಸದಾಗಿ ತಗೊಂಡ. ನಿಮ್ಮ ಬೀದೀಲಿ ಹತ್ಕೊಂಡು ಬಂದ ಅಂತ ನಿಮ್ಮಪ್ಪನೋರು ಹೊಡೆಸಿ ಕಿತ್ಕೊಂಡ್ರು. ಆಮೇಲೆ ಸಾಯೋವರೆಗೂ ನಡ್ಕೊಂಡೇ ಓಡಾಡ್ದ, ಸ್ವಾಮಿ.”

ಅಂದಿನಿಂದ ಇಪ್ಪತ್ತೇಳು ವರ್ಷ ಎದೆಯಲ್ಲಿದ್ದ ಮಾತು ಹೊರಬಿದ್ದಿತ್ತು. ನರಸಿಂಹಪ್ಪ ಮಾತ್ರ ನಿಧಾನವಾಗಿ ಎದ್ದು ಪಂಚೆ ಕೊಡವಿಕೊಂಡ.

“ಆಗಿನ ಕಾಲ ಹಂಗಿತ್ತು ಕಣಪ್ಪ. ಹಸಿರು ಬಣ್ಣ ಹೊಡಿ, ಭಾನುವಾರ ಬರ್ತೀನಿ.”

ಮಾಡಲ್ಲ ಎನ್ನಲು ಆವುಲಪ್ಪ ಬಾಯಿ ತೆರೆದ. ತಲೆಯ ಮೇಲಿನ ತಗಡಿನ ಸೂರನ್ನು ಒಮ್ಮೆ ನೋಡಿದ.

“ಕಡು ಹಸಿರೋ, ತಿಳಿ ಹಸಿರೋ?” ಎಂದು ಕೇಳಿದ.