ಅರ್ಧ ಬರೆದ ಮುಖ

“ಬಾಡಿಗೆ ಎಲ್ಲಿಗೆ ಮೇಡಂ?” ಎನ್ನುತ್ತಾ ತಿಪ್ಪೇಶ ಆಗಲೇ ಗೂಡ್ಸ್ ಆಟೋದ ಕೀಲಿ ತಿರುಗಿಸಿಬಿಟ್ಟಿದ್ದ.

“ಎಲ್ಲಿಗೂ ಇಲ್ಲ. ಮೇಲೆ ಬಂದು ಒಂದು ಗಂಟೆ ಸುಮ್ಮನೆ ಕೂತ್ಕೋಬೇಕು, ಅಷ್ಟೇ,” ಎಂದಳು ಮಾಲಿನಿ. ಕಡೂರಿನ ಬಸ್ ನಿಲ್ದಾಣದ ಎದುರು, ಔಷಧಿ ಅಂಗಡಿಯ ಮಹಡಿಯ ಮೇಲೆ ಭಾನುವಾರಗಳಂದು ಮಕ್ಕಳಿಗೆ ಚಿತ್ರ ಬರೆಯಲು ಕಲಿಸುವವಳು ಅವಳು. ಆ ದಿನ ಮುಖ ಬರೆಸಲೆಂದು ಗೊತ್ತುಮಾಡಿದ್ದ ಅಜ್ಜ ಬೀರೂರಿನ ಯಾವುದೋ ಮದುವೆಗೆ ಹೋಗಿಬಿಟ್ಟಿದ್ದ. ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಕೆಲಸವಿಲ್ಲದೆ ಕೂತಿದ್ದವನು ತಿಪ್ಪೇಶನೊಬ್ಬನೇ.

“ನನ್ ಮುಖದಾಗೆ ಏನೈತೆ ಮೇಡಂ ಬರಿಯೋಕೆ? ಬೇರೆ ಯಾರೂ ಸಿಗ್ಲಿಲ್ವಾ?” ಎನ್ನುತ್ತಲೇ ಅವನು ಮೆಟ್ಟಿಲು ಹತ್ತಿದ.

ಕಿಟಕಿಯ ಪಕ್ಕ ಒಂದು ಕುರ್ಚಿ. ಅದರ ಸುತ್ತ ಹಲಗೆಗಳನ್ನು ತೊಡೆಗಾನಿಸಿಕೊಂಡು ಕೂತ ಮಕ್ಕಳು. ಎಲ್ಲರೂ ಪೆನ್ಸಿಲನ್ನು ಮುಂದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ ಅವನನ್ನು ಅಳೆಯತೊಡಗಿದರು. ತಿಪ್ಪೇಶನಿಗೆ ಹೆಣ್ಣು ನೋಡಲು ಹೋದ ಮನೆಗಳು ನೆನಪಾದವು. ತರೀಕೆರೆ ಕಡೆ, ಅಜ್ಜಂಪುರದ ಕಡೆ, ಎಷ್ಟು ಜಮಖಾನಗಳ ಮೇಲೆ ಕೂತು ಉಪ್ಪಿಟ್ಟು ತಿಂದು ಬಂದಿದ್ದನೋ. ಹುಡುಗಿಯ ನೋಟ ಅವನ ಮುಖವನ್ನು ಮುಟ್ಟಿದಂತೆ ಮಾಡಿ ಒಳಕ್ಕೆ ಹೊರಟುಹೋಗುತ್ತಿತ್ತು. ಆಮೇಲೆ ಫೋನು ಬರುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ಹೋಗುವುದನ್ನೇ ಬಿಟ್ಟಿದ್ದ. ಪಂಚನಹಳ್ಳಿಯ ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಮಕ್ಕಳು, ಯಾರೂ ಕೆಟ್ಟವರಲ್ಲ. ತಡವಾಗಿ ಹೋದರೆ ಮುಚ್ಚಿಟ್ಟ ತಟ್ಟೆ, ಬೇಗ ಹೋದರೂ ಮುಚ್ಚಿಟ್ಟ ತಟ್ಟೆ.

“ನಿಮಗೆ ಗೊತ್ತಿರೋ ಮುಖ ಬರೀಬೇಡಿ, ಕಾಣ್ತಿರೋ ಮುಖ ಬರೀರಿ,” ಮಾಲಿನಿ ಅವನ ಪಕ್ಕದಲ್ಲೇ ನಿಂತು ಹೇಳಿಕೊಡುತ್ತಿದ್ದಳು. “ಮೊದಲು ಹಗುರವಾಗಿ ಹೊರಗೆರೆ. ಕಣ್ಣು ಹಣೆ ಹತ್ರ ಇರಲ್ಲ, ತಲೆಯ ನಟ್ಟನಡುವೆ ಇರುತ್ತೆ. ಕಿವಿ ಹುಬ್ಬಿನ ನೇರದಿಂದ ಮೂಗಿನ ತುದಿವರೆಗೆ. ಬೆಳಕು ಕಿಟಕಿಯಿಂದ ಬರ್ತಿದೆ, ಹಾಗಾಗಿ ಈ ಕೆನ್ನೆಗೆ ಎಚ್‌ಬಿ ಪೆನ್ಸಿಲ್ ಸಾಕು. ಆ ಕಡೆ ನೆರಳಿಗೆ ಇದ್ದಿಲು ಕಡ್ಡಿ ತಗೊಳ್ಳಿ. ತಲೆ, ಗಡ್ಡದ ಬಿಳಿ ಕೂದಲನ್ನ ಬರೆಯೋಕಾಗಲ್ಲ. ಇದ್ದಿಲು ಸವರಿ ರಬ್ಬರಿನ ಮೂಲೆಯಿಂದ ಎತ್ತಬೇಕು. ಕಣ್ಣಿನ ಪಕ್ಕದ ಗೆರೆಗಳನ್ನ ಮಾತ್ರ ಬಿಡಬೇಡಿ.”

ತನ್ನ ಮುಖದ ಬಗ್ಗೆ ಇಷ್ಟು ಮಾತು ತಿಪ್ಪೇಶ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಅಲುಗಲಿಲ್ಲ. ಕತ್ತು ಸೆಳೆಯುತ್ತಿತ್ತು, ಆದರೆ ಇದು ಮುಗಿಯುವುದೇ ಬೇಡ ಎನಿಸುತ್ತಿತ್ತು. “ಸಾಕು, ಕೈ ನಿಲ್ಲಿಸಿ,” ಎಂದು ಮಾಲಿನಿ ಹೇಳಿದಾಗ, “ಬೇಕಾದ್ರೆ ಇನ್ನೂ ಸ್ವಲ್ಪ ಹೊತ್ತು ಕೂರ್ತೀನಿ,” ಎಂದ.

“ಬರೋ ಭಾನುವಾರ ಮುಗಿಸೋಣ. ಹೀಗೇ ಬನ್ನಿ,” ಎಂದಳು ಅವಳು.

ವಾರವೆಲ್ಲ ತೆಂಗಿನಕಾಯಿ ತುಂಬಿಕೊಂಡು ಓಡಾಡುವಾಗ ಆಗಾಗ ಕನ್ನಡಿ ತನ್ನ ಕಡೆಗೆ ತಿರುಗಿಸಿ ನೋಡಿಕೊಂಡ. ಕಣ್ಣುಗಳು ನಿಜಕ್ಕೂ ತಲೆಯ ನಡುವೆಯೇ ಇದ್ದವು. ಶನಿವಾರ ಸಂಜೆ ಕ್ಷೌರದಂಗಡಿಗೆ ಹೋದ.

“ಏನ್ ತಿಪ್ಪೇಶಣ್ಣ, ಮತ್ತೆ ಹೆಣ್ ನೋಡಕ್ಕಾ?” ಕ್ಷೌರದವನು ನಕ್ಕ.

“ಇಲ್ಲ ಕಣೋ. ಈ ಸಲ ನನ್ನೇ ನೋಡ್ತಾರೆ.”

ಭಾನುವಾರ ಇಸ್ತ್ರಿ ಅಂಗಿ ಹಾಕಿ, ಹೊತ್ತಿಗೆ ಮೊದಲೇ ಹೋಗಿ, ಅದೇ ಕುರ್ಚಿಯಲ್ಲಿ ಕಿಟಕಿಯ ಕಡೆ ಕೆನ್ನೆ ಮಾಡಿ ಕೂತ. ತಲೆ ಕಡುಗಪ್ಪಾಗಿತ್ತು. ಕೆನ್ನೆ ನುಣ್ಣಗಿತ್ತು. ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು. ಒಳಗೆ ಬಂದ ಮಾಲಿನಿ ಬಾಗಿಲಲ್ಲೇ ನಿಂತಳು.

“ಅಯ್ಯೋ! ಗಡ್ಡ ಎಲ್ರೀ?”

“ತೆಗೆಸ್ದೆ ಮೇಡಂ. ತಲೆಗೂ ಬಣ್ಣ ಹಾಕ್ಸಿದೀನಿ.”

“ಹೀಗೇ ಬನ್ನಿ ಅಂದಿದ್ನಲ್ಲ! ಚಿತ್ರ ಅರ್ಧ ಆಗಿದೆ, ಈಗ ಮುಖನೇ ಬೇರೆ ಆಗೋಯ್ತು.”

ತಿಪ್ಪೇಶ ಕೆನ್ನೆ ಮುಟ್ಟಿಕೊಂಡ. “ತಪ್ಪಿಸ್ದೆ ಬನ್ನಿ ಅಂದ್ರಿ ಅಂದ್ಕಂಡೆ,” ಎಂದ. ಸ್ವಲ್ಪ ತಡೆದು, “ಹೆಂಗಿದೀಯೋ ಹಂಗೇ ಬಾ ಅಂತ ನನ್ನ ಯಾರೂ ಕರ್ದಿರ್ಲಿಲ್ಲ ಮೇಡಂ,” ಎಂದ.

“ಪರವಾಗಿಲ್ಲ ಬಿಡಿ, ತಪ್ಪು ನಂದೇ, ಬಿಡಿಸಿ ಹೇಳಬೇಕಿತ್ತು,” ಎಂದು ಮಾಲಿನಿ ಸ್ಟೂಲಿನ ಮೇಲೆ ಒಂದು ಹಿತ್ತಾಳೆ ಚೊಂಬು, ಎರಡು ನಿಂಬೆಹಣ್ಣು ತಂದಿಟ್ಟಳು. ಮಕ್ಕಳು ಹಲಗೆಗಳನ್ನು ಆ ಕಡೆ ತಿರುಗಿಸಿಕೊಂಡು, ಒಂದು ಕಣ್ಣು ಮುಚ್ಚಿ ಚೊಂಬನ್ನು ಅಳೆಯತೊಡಗಿದರು. ತಿಪ್ಪೇಶನಿಗೆ ಏಳಬೇಕೋ ಕೂತಿರಬೇಕೋ ತಿಳಿಯಲಿಲ್ಲ.

ಆಗ ಸ್ಫೂರ್ತಿ ಎಂಬ ಹುಡುಗಿ ಎದ್ದು ಬಂದು ಹೋದ ವಾರದ ಹಾಳೆಯನ್ನು ಅವನ ಮುಂದೆ ಹಿಡಿದಳು. “ಅಂಕಲ್, ನಿಮ್ದು. ಒಂದ್ ಕಡೆ ಅಷ್ಟೇ ಆಗಿರೋದು.”

ಇದ್ದಿಲು ಕೈಗೆ ಹತ್ತದಂತೆ ಅಂಚಿನಲ್ಲಿ ಹಿಡಿದು ಅವನು ಅದನ್ನು ಬೆಳಕಿಗೆ ಒಡ್ಡಿದ. ಮುಖದ ಒಂದು ಪಾಲು ಬರೀ ಗೆರೆ, ಖಾಲಿ. ಇನ್ನೊಂದು ಪಾಲಿನಲ್ಲಿ ಎಲ್ಲವೂ ಇತ್ತು: ದಣಿದ ಕಣ್ಣು, ಅದರ ಪಕ್ಕದ ಗೆರೆಗಳು, ಕಪ್ಪಿನೊಳಗಿಂದ ಒಂದೊಂದಾಗಿ ಎತ್ತಿದ ಬಿಳಿ ಕೂದಲು. ಎಷ್ಟೋ ಹೊತ್ತು ನೋಡಿದ.

“ಯಾರು ಅಂತ ಗೊತ್ತಾಗುತ್ತಾ ಅಂಕಲ್?” ಸ್ಫೂರ್ತಿ ಅಳುಕುತ್ತಾ ಕೇಳಿದಳು.

“ಹ್ಞೂಂ,” ಎಂದ ತಿಪ್ಪೇಶ. “ಚೆನ್ನಾಗೇ ಇದ್ದ ಕಣಮ್ಮ ಇವ್ನು.”