ಸಮುದ್ರವಲ್ಲಿ ಹೇಳದೆ ಉಳಿಸಿದ್ದು

ಹಳೆಯ ಹಡಗುಗಳ ಚರಿತ್ರೆಯನ್ನು ಹಡಗುಗಳನ್ನೇ ಕೇಳಿ ಬರೆದುಕೊಳ್ಳುವುದು ಮಂಗಳೂರಿನ ಸಂಶೋಧಕರ ರೂಢಿ. ಸುಗಂಧಿಯೂ ಎರಡು ವರ್ಷದಿಂದ ‘ಸಮುದ್ರವಲ್ಲಿ’ ಎಂಬ ಪ್ರಯಾಣಿಕರ ಹಡಗಿನ ತುಕ್ಕು ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದಳು. ಅದು ಅವಳಿಗೆ ಹೇಳಿದ್ದು ಬರೀ ತಾರೀಕು, ಬಂದರುಗಳ ಹೆಸರು. ಮೊನ್ನೆ ಬಣ್ಣ ಬಳಿಯಲು ಬಂದ ಜೆಸಿಂತಾಳಿಗೋ, ಊಟದ ಕೋಣೆಯಲ್ಲಿ ನಡೆದ ಮದುವೆಯ ಕತೆಯನ್ನೇ ಬಿಚ್ಚಿಟ್ಟಿತ್ತು. ಇವತ್ತೂ ಹಡಗು, ಜೆಸಿಂತಾ ಇಬ್ಬರೂ ನಗುವುದು ಕೇಳಿ ಸುಗಂಧಿಗೆ ಹೊಟ್ಟೆ ಉರಿಯಿತು. ಪ್ರಬಂಧ ಒಪ್ಪಿಸಲು ಉಳಿದದ್ದು ಒಂದೇ ವಾರ.

“ನೀನೂ ಬಾ ಮಾರಾಯ್ತಿ, ಒಟ್ಟಿಗೆ ಕೇಳುವ,” ಎಂದಳು ಜೆಸಿಂತಾ.

“ಬೇಡ, ನನಗೆ ಕೆಲಸ ಉಂಟು.”

ಜೆಸಿಂತಾ ಚಹಾಕ್ಕೆಂದು ಇಳಿದದ್ದೇ ತಡ, ಸುಗಂಧಿ ಗೋಡೆಗೆ ಬಾಯಿ ಹಚ್ಚಿದಳು. “ಅವಳಿಗೆ ಹೇಳಿದ್ದನ್ನು ನನಗೆ ಯಾಕೆ ಹೇಳ್ಲಿಲ್ಲ?”

ಹಡಗು ಮೆಲ್ಲಗೆ ಕಿರುಗುಟ್ಟಿತು. “ನೀನು ಪೆನ್ನು ಹಿಡ್ಕೊಂಡೇ ಬರ್ತೀಯಲ್ಲ. ಬರೆಯುವವರ ಎದುರು ನನಗೆ ನಾಚಿಕೆ ಆಗ್ತದೆ. ಅವಳು ಕೇಳಿ ನಗ್ತಾಳೆ, ಅಷ್ಟೆ.”

ನಾಲ್ಕು ಜನರೆದುರು ಬಾಯಿ ಬಿಡಲು ಹೆದರುವ ಸುಗಂಧಿಗೆ ಅದು ಚೆನ್ನಾಗಿ ಅರ್ಥವಾಯಿತು. ಪ್ರಬಂಧದ ನೆನಪಾಗಿ ಕೈ ಒಮ್ಮೆ ಹಿಂಜರಿಯಿತು. ಆದರೂ ಪೆನ್ನನ್ನು ಕಿಟಕಿಯಿಂದ ಸಮುದ್ರಕ್ಕೆ ಎಸೆದೇ ಬಿಟ್ಟಳು.

“ಸರಿ, ಒಂದಕ್ಷರ ಬರೆಯುವುದಿಲ್ಲ. ಆದರೆ ಜೆಸಿಂತಾಗೆ ಹೇಳದ್ದನ್ನೇ ನನಗೆ ಹೇಳ್ಬೇಕು.”