ತುಕ್ಕು ಹಿಡಿಯುವ ಮೂರು ಜಾಗ

ತಂತಿ ಬ್ರಷ್ ತಗುಲಿದ್ದೇ ಉಕ್ಕಿನ ಬಾಗಿಲಿಗೆ ಮೆತ್ತಿದ್ದ ಪುಟ್ಟಿ ಉದುರಿ, ಎದೆಮಟ್ಟದ ಮೂರು ತೂತುಗಳಿಂದ ಶ್ರೀಲಂಕಾದ ಯಾಳ್ಪಾಣದ ಬಿಸಿಲು ಒಳಬಂದಿತು. ಯಾಳಿನಿ ಬಗ್ಗಿ ನೋಡಿದಳು. “ಕೆರೆಯದೆ ಮೇಲೇ ಬಳೀರಿ ಅಂತ ಅಮ್ಮ ವರ್ಷಾವರ್ಷ ಹಟ ಮಾಡಿದ್ದಕ್ಕೆ ತುಕ್ಕು ಹೇಗೆ ತಿಂದಿದೆ ನೋಡಣ್ಣ.”

ಬಣ್ಣ ಬಳಿಯುವ ಸೆಲ್ಲತ್ತುರೈ ಅಂಚು ಸವರಿದ. ತಗಡು ಒಳಮುಖವಾಗಿ ಮಡಚಿಕೊಂಡಿತ್ತು. “ತುಕ್ಕು ಇಷ್ಟು ದುಂಡಗೆ ತಿನ್ನಲ್ಲ, ತಂಗಿ. ಇದು ಗುಂಡು.”

ಹಿತ್ತಲಿಂದ ಬಂದ ಅಮ್ಮ ನಡುಮನೆಯಲ್ಲೇ ನಿಂತುಬಿಟ್ಟಳು. ಅಪ್ಪ ಯುದ್ಧದ ಕಾಲದಲ್ಲಿ ದೋಣಿ ಹತ್ತಿ ಇಂಡಿಯಾಕ್ಕೆ ಹೋಗಿದ್ದಾನೆ, ಬಂದೇ ಬರುತ್ತಾನೆ ಎಂದು ಹೇಳುತ್ತಲೇ ಮಗಳನ್ನು ಬೆಳೆಸಿದವಳು ಅವಳು.

“ಅಮ್ಮ, ಅಪ್ಪ ದೋಣಿ ಹತ್ತಿದ್ದನ್ನ ನೀನು ನೋಡಿದ್ದೀಯಾ?”

ಅಮ್ಮ ತೂತುಗಳ ಮೇಲೆ ಅಂಗೈ ಇಟ್ಟಳು. “ನಿನ್ನನ್ನ ನನ್ನ ಕೈಗೆ ಕೊಟ್ಟು, ಇಲ್ಲೇ ಬಾಗಿಲಿಗೆ ಬೆನ್ನು ಒತ್ತಿ ನಿಂತಿದ್ರು, ಮಗಳೇ.”